ಗಣಿಯ ಕೊನೆಯ ಪಂಪು

ವರ್ಷದ ಮಳೆಯೆಲ್ಲ ಒಂದೇ ಮಧ್ಯಾಹ್ನ ಸುರಿದು ಗಣಿ ತುಂಬಿಸುವ ಕಾಲವಿದು. ಅದಕ್ಕೇ ಮಳೆಗೆ ಮುಂಚೆ ಏನೇನು ಮೇಲೆತ್ತಬೇಕೆಂದು ಕಂಪನಿಯ ಕಂಪ್ಯೂಟರ್ ಯಂತ್ರ ಮೈಕಿನಲ್ಲಿ ಹೇಳುತ್ತದೆ. ಗಣಿಯ ಲಿಫ್ಟು ನಡೆಸುವವನು ನಾನು.

ಡ್ರಿಲ್ಲು ಬಂತು, ಕೇಬಲ್ಲು ಬಂತು. ಕೊನೆಯ ಪಂಪಿನ ಜೊತೆ ನಮ್ಮಣ್ಣ ಯಮನೂರಪ್ಪನ ಬುತ್ತಿಡಬ್ಬಿಯೂ ಬಂತು. ಕೆಳಗಿನವರು ಡಬ್ಬಿ ಕಳಿಸಿದರೆ ಮುಂದಿನ ಸಲ ತಾವೇ ಬರುತ್ತಾರೆಂದು ಅರ್ಥ.

ಲಿಫ್ಟು ಇಳಿಸಲು ಕೈ ಚಾಚಿದೆ. "ಎತ್ತುವ ಕೆಲಸ ಮುಗಿಯಿತು," ಎಂದಿತು ಯಂತ್ರ. ಲಿಫ್ಟಿನ ಕರೆಂಟನ್ನೂ ಅದೇ ತೆಗೆಯಿತು.

"ಸಾಹೇಬ್ರ, ಮಂದಿ ಇನ್ನೂ ಕೆಳಗ ಅದಾರ," ಎಂದೆ ಪಕ್ಕದಲ್ಲಿ ಕೂತಿದ್ದ ಮ್ಯಾನೇಜರಿಗೆ.

"ಗೊತ್ತೈತಲೇ. ಹೊಸ ಪಂಪ್ ಬರಾಕ ವರ್ಷ ಬೇಕು. ಆಳು ನಾಳೆನ ಗೇಟಿಗೆ ಬಂದು ನಿಂತಿರ್ತಾವ."

"ನಮ್ಮಣ್ಣ ಅದಾನ್ರೀ."

ಮ್ಯಾನೇಜರು ಚಹಾ ಊದಿಕೊಂಡು ಕುಡಿಯುತ್ತಿದ್ದ. ಕೊರಳಪಟ್ಟಿ ಹಿಡಿದು, ಕರೆಂಟು ಕೊಡು ಎಂದೆ. ಅವನು ಮೈಕಿನ ಕಡೆ ಬೆರಳು ತೋರಿಸಿದ.

ತಗಡಿನ ಮೇಲೆ ಮೊದಲ ಹನಿ ಬಿತ್ತು. ಕೆಳಗಿನಿಂದ ಯಾರೋ ಗಂಟೆಯ ಹಗ್ಗ ಎಳೆದರು. ನನ್ನ ತಲೆಯ ಮೇಲಿನ ಗಂಟೆ ಮೂರು ಸಲ ಹೊಡೆಯಿತು. ಮೂರು ಸಲ ಎಂದರೆ ಮನುಷ್ಯರು ಮೇಲೆ ಬರಬೇಕು ಎಂದರ್ಥ.

ಕೊರಳಪಟ್ಟಿ ನನ್ನ ಮುಷ್ಟಿಯಲ್ಲಿರುವಾಗಲೇ ಮ್ಯಾನೇಜರು ಗಂಟೆಯ ಕಡೆ ನೋಡಿದ.

"ಮೊದ್ಲ ಆ ಹಗ್ಗ ಕತ್ತರಿಸಬೇಕಿತ್ತು ನೋಡು," ಎಂದ.