ಹಾಡಿನ ಹಾಳೆ

ತಂಡದ ಡ್ರಮ್ಮರ್ ಫೋನ್ ಮಾಡಿ ಹೇಳಿದ್ದೇ ತಡ, ಹಾಡುಗಾರ್ತಿ ಮನೆಯ ಬಸ್ಸು ಹಿಡಿಯಲು ಓಡಿದಳು. ಮೊದಲ ಆಲ್ಬಮ್ಮಿನ ಹಾಡಿನ ಹಾಳೆಗಳನ್ನು ಮಡಚಲು ಅವನು ಅವಳ ಅಪ್ಪನಿಗೇ ಕೊಟ್ಟು ಬಂದಿದ್ದ. "ಅಂಕಲ್‌ದು ನಲವತ್ತು ವರ್ಷ ಬೈಂಡಿಂಗ್ ಮಾಡಿದ ಕೈ. ನಾವು ಮಡಚಿದ್ರೆ ಸೊಟ್ಟಗಾಗತ್ತೆ" ಅಂದಿದ್ದ, ದೊಡ್ಡ ಉಪಕಾರ ಮಾಡಿದವನ ಹಾಗೆ.

ಅವರದು ಮೂವರ ಪಂಕ್ ರಾಕ್ ತಂಡ. ರೆಕಾರ್ಡ್ ಹೊರತರುತ್ತಿದ್ದ ಕಂಪನಿ ಅಂದರೆ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಅದರಲ್ಲಿ ಒಬ್ಬ ಹೆಂಗಸು. ಕವರ್ ಅಂಟಿಸುವುದು, ಹಾಳೆ ಮಡಚುವುದು ಎಲ್ಲ ತಂಡದವರದೇ ಕೆಲಸ. ನಿಮ್ಮ ಅರಚಾಟದಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ, ಹಾಡುಗಳನ್ನು ಅಚ್ಚು ಹಾಕಿಸೋಣ ಅಂದವಳೂ ಆಕೆಯೇ. ಇವಳು ಹಿರಿಹಿರಿ ಹಿಗ್ಗಿ ಬರೆದುಕೊಟ್ಟಿದ್ದಳು. ಮೂರನೇ ಹಾಡು ಅಪ್ಪನ ಮೇಲೆ, ಚಿಕ್ಕವಳಿದ್ದಾಗ ಕಣ್ಣಾರೆ ಕಂಡದ್ದು: ಮುಷ್ಕರ ಮುರಿದವನು, ಜೊತೆಯವರೆಲ್ಲ ಪ್ರೆಸ್ಸಿನ ಗೇಟಿನ ಹೊರಗೆ ಕೂತಿದ್ದಾಗ ಇಡೀ ಒಂದು ದಿನ ಧಣಿಯ ಬಾಗಿಲಲ್ಲಿ ಕೈಕಟ್ಟಿ ನಿಂತವನು. ಪಲ್ಲವಿಯಲ್ಲಿ ಅವನನ್ನು ನಾಯಿ ಅಂದಿದ್ದಳು, ನಾಲ್ಕು ಸಲ.

ಆ ಹಾಡನ್ನು ಅಪ್ಪ ಹತ್ತಾರು ಸಲ ಕೇಳಿದ್ದ. ಪ್ರತಿ ಕಾರ್ಯಕ್ರಮಕ್ಕೂ ಬಂದು, ಕಿವಿಗೆ ಹತ್ತಿ ತುರುಕಿಕೊಂಡು, ಹಿಂದಿನ ಗೋಡೆಗೆ ಒರಗಿ ತಲೆದೂಗುತ್ತಿದ್ದ. ಪಕ್ಕದವರಿಗೆ ನನ್ನ ಮಗಳು ಎಂದು ತೋರಿಸುತ್ತಿದ್ದ. ಅವನಿಗೆ ಅರ್ಥವಾಗುವುದಿಲ್ಲವೆಂಬ ಧೈರ್ಯದಲ್ಲೇ ಅವಳು ಅವನ ಮುಖ ನೋಡಿಕೊಂಡು ಅಷ್ಟು ಜೋರಾಗಿ ಕೂಗಿದ್ದು. ಬಸ್ಸಿನಲ್ಲಿ ಅದನ್ನು ನೆನೆದು ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ಮನೆಗೆ ಬಂದಾಗ ಮೇಜಿನ ಮೇಲೆ ಐನೂರು ಹಾಳೆಯೂ ಮಡಚಿ ಮುಗಿದಿತ್ತು, ಅಂಚಿಗೆ ಅಂಚು ಕೂತಿತ್ತು. ಓದಿರಲಿಕ್ಕಿಲ್ಲ ಎಂದು ಒಂದು ಗಳಿಗೆ ಆಸೆಯಾಯಿತು. ಆದರೆ ಅವನ ಕಸುಬಿನ ರೂಢಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೊದಲ ಹಾಳೆಯನ್ನು ತಲೆಯಿಂದ ಬುಡದವರೆಗೆ ಓದದೆ ಅವನು ಮಡಿಕೆ ಹಾಕಿದವನಲ್ಲ. ಪುಟ ಹಿಂದುಮುಂದಾದರೆ ಮಾನ ಹೋಗುವುದು ಬೈಂಡರನದು ಎನ್ನುತ್ತಿದ್ದ. ಮೇಜಿನ ತುದಿಯಲ್ಲಿ ಆ ಒಂದು ಹಾಳೆ ಬಿಚ್ಚಿಟ್ಟಿತ್ತು, ಅದರ ಮೇಲೆ ಅವನ ಕನ್ನಡಕ.

"ಅಪ್ಪ, ಇದನ್ನ ಹಾಕಲ್ಲ. ಎಲ್ಲಾ ಹರಿದು ಬಿಸಾಕ್ತೀನಿ" ಅಂದಳು.

"ಯಾಕೆ? ಅಚ್ಚು ಚೆನ್ನಾಗೇ ಬಂದಿದೆ." ಅಪ್ಪ ಬೆರಳಿಗೆ ಹತ್ತಿದ ಮಸಿ ಒರೆಸಿಕೊಂಡ. "ಮೂರನೇ ಹಾಡಲ್ಲಿ ಒಂದು ತಪ್ಪಿದೆ, ಅಷ್ಟೆ. ಒಂದು ದಿನ ನಿಂತಿದ್ದ ಅಂತ ಬರೆದಿದ್ದೀಯ."

ಅವಳು ಬಿಚ್ಚಿಟ್ಟ ಹಾಳೆಯಲ್ಲಿ ಆ ಸಾಲು ಹುಡುಕಿದಳು.

"ನೀನು ನೋಡಿದ್ದು ಒಂದು ದಿನ. ನಾನು ನಿಂತಿದ್ದು ಹನ್ನೊಂದು ದಿನ."