ಉಪ್ಪಿಲ್ಲದ ನೀರು

ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ ಮುಸಬ್ಬಹ್. ಎಂಜಿನ್ ಆಯಿಲ್ ಮತ್ತೆ ಬೆಳ್ಳಗಾಗಿತ್ತು. ಥೇಟ್ ಹಾಲು ಹಾಕಿದ ಚಹಾದ ಬಣ್ಣ. ಆರು ತಿಂಗಳಲ್ಲಿ ಇದು ಆರನೆಯ ಸಲ.

"ಯಾ ರಬ್, ನಾನೇನು ಪಾಪ ಮಾಡಿದ್ದೆ!" ಎಂದು ತಲೆಯ ಮೇಲೆ ಕೈಹೊತ್ತು ಕುಳಿತ.

ಖಸಬ್ ಬಂದರಿನಲ್ಲಿ, ತೀರಿಹೋದ ಅಪ್ಪ ಬಿಟ್ಟುಹೋದ ಆ ಮರದ ದೋಣಿಯೇ ಅವನ ಅನ್ನ. ಪ್ರವಾಸಿಗರಿಗೆ ಡಾಲ್ಫಿನ್ ತೋರಿಸಿಕೊಂಡು ಬಂದರೆ ಒಲೆ ಉರಿಯುತ್ತದೆ. ಆಯಿಲ್‌ಗೆ ನೀರು ಸೇರಿದ ಎಂಜಿನ್ ಇಂದಲ್ಲ ನಾಳೆ ಗಂಟಲು ಹಿಡಿದು ಸಾಯುತ್ತದೆ. ಅದಕ್ಕೇ ಕಾದಿದ್ದವನಂತೆ ಪಕ್ಕದ ದೋಣಿಯ ಹುಮೈದ್ ಇಣುಕಿದ.

"ಮತ್ತೆ ಚಹಾ ಕಾಯಿಸಿದೆಯಾ ತಮ್ಮಾ? ಗುರುವಾರದೊಳಗೆ ನನಗೆ ಮಾರಿಬಿಡು. ನನ್ನ ದೋಣೀಲೇ ಹಗ್ಗ ಕಟ್ಟೋ ಕೆಲಸ ಕೊಡ್ತೀನಿ. ನಾನೇನು ಪರಕೀಯನಾ?"

"ಗುರುವಾರದೊಳಗೆ ಇನ್ನೊಂದು ಸಲ ಕೆಟ್ಟರೆ ನೀನೇ ತಗೋ, ಹೋಗು," ಎಂದ ಮುಸಬ್ಬಹ್. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಬಂದರಿನಲ್ಲಿ ಆಡಿದ ಮಾತೆಂದರೆ ಕೊಟ್ಟ ಮಾತು.

ದೋಣಿಕಟ್ಟೆಯ ಎದುರಿಗೇ ಮನೆ. ಅವನ ಉಮ್ಮ ಮೌಝಾ ಬಾಗಿಲಿಗೆ ಬಂದಳು. ಮಾರುವ ಸಂಗತಿಯನ್ನು ಅವನು ಹೇಳಲಿಲ್ಲ; ಗಂಡನ ದೋಣಿ ಕೈಬಿಡುತ್ತದೆಂದರೆ ಆ ಜೀವ ತಡೆದೀತೇ?

"ಕಣ್ಣು ಬಿದ್ದಿದೆ ಮಗನೇ," ಎಂದಳು ಉಮ್ಮ. "ದೇವರ ವಾಕ್ಯ ಓದಿದ ನೀರು ತಂದು ಚಿಮುಕಿಸ್ತೀನಿ. ನೀನು ರಿಪೇರಿಗೆ ಉಸ್ತಾದ್ ದರ್ವೀಶ್‌ಗೇ ಹೇಳಿಕಳಿಸು. ಬೇರೆಯವರು ಬೇಡ. ಅವರಿಗೆಲ್ಲ ಕೈ ಇದೆ, ಕಿವಿ ಇಲ್ಲ."

ಎಂದಿನಂತೆ ದರ್ವೀಶ್ ಬಂದ. ಐವತ್ತೈದು ದಾಟಿದ ಒಂಟಿಜೀವದ ಮೆಕ್ಯಾನಿಕ್. ಮಾತಿಗೆ ಬಲು ಬಡವ. ಸಲಾಮಿಗೆ ಸಲಾಮು ಹೇಳಿದರೆ ಆ ದಿನದ ಮಾತು ಮುಗಿದಂತೆ. ಆದರೂ ಬರುವಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅದನ್ನು ಬಿಚ್ಚಿ ಗೂಟಕ್ಕೆ ತೂಗುಹಾಕಿ, ಹಲಗೆ ಎತ್ತಿ, ಎಂಜಿನ್ ಗುಂಡಿಗೆ ಇಳಿದ.

ಅಲ್ಲಿ ಕೆಳಗೆ ಪಾತ್ರೆ ಇಡಲು ಜಾಗವಿಲ್ಲ. ಕಡ್ಡಿಯ ತೂತಿನಲ್ಲಿ ಸಣ್ಣ ಕೊಳವೆ ಇಳಿಬಿಟ್ಟು, ಕೈಪಂಪಿನಿಂದ ಹಳೆಯ ಆಯಿಲನ್ನು ಡಬ್ಬಕ್ಕೆ ಎಳೆಯಬೇಕು. ಪಂಪು ಎಳೆಯುತ್ತ ದರ್ವೀಶ್ ಗುನುಗಿದ:

"ಅಲೆ ಬಂದು ಬಂದು ದಡವ ಮುಟ್ಟಿ ಹೋಯಿತು..."

ಮನೆಯ ಕಿಟಕಿಯಿಂದ ಉಮ್ಮನ ದನಿ ತೇಲಿಬಂತು:

"ಏನು ಬೇಕೆಂದು ಹೇಳದೆಯೇ ಹೋಯಿತು."

ಮುಸಬ್ಬಹ್ ನಕ್ಕ. ಅರ್ಧ ಪದ್ಯ ಕಿವಿಗೆ ಬಿದ್ದರೆ ಉಳಿದರ್ಧ ಹೇಳದೆ ಉಮ್ಮನಿಗೆ ಅನ್ನ ಇಳಿಯದು. ಹಳೆಯ ಕಾಲದವರ ಚಟ.

ದರ್ವೀಶ್ ಹೊಸ ಫಿಲ್ಟರಿನ ರಬ್ಬರಿಗೆ ಎರಡು ಹನಿ ಆಯಿಲ್ ಸವರಿ ಕೈಯಿಂದಲೇ ಬಿಗಿದ. ಆಮೇಲೆ, ತಳದಿಂದ ಮೊದಲು ಬಂದಾಗ ಬೇರೆ ಹಿಡಿದಿಟ್ಟಿದ್ದ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ. ಮುಖ ಕಿವಿಚಿ ಉಗಿದ. ಮೆಲ್ಲಗೆ ಅಂದ:

"ಉಪ್ಪಿಲ್ಲ."

"ಅಂದ್ರೆ?"

"ಸಮುದ್ರದ್ದಲ್ಲ. ಯಾರೋ ಹೊಯ್ದದ್ದು."

ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಕೂಲಿ ಕೇಳದೆ, ಅಂಗಿ ತೊಟ್ಟು, ಕಿಟಕಿಯತ್ತ ನೋಡದೆ ಹೊರಟುಹೋದ. ಉಮ್ಮ ಕಳಿಸಿದ ಮೀನು-ಅನ್ನದ ಬುತ್ತಿಯನ್ನು ಮಾತ್ರ ಮರೆಯಲಿಲ್ಲ.

ಮುಸಬ್ಬಹ್‌ಗೆ ಎಲ್ಲವೂ ಹಗಲಿನಷ್ಟು ನಿಚ್ಚಳವಾಯಿತು. ಹುಮೈದ್! ನಗುನಗುತ್ತಲೇ ನೀರು ಹೊಯ್ದು ದೋಣಿ ನುಂಗುವವನು!

ಬುಧವಾರ ಬೆಳಗಿನ ಬಾಂಗು ಮುಗಿಯುತ್ತಲೇ ಅವನು ದೋಣಿ ಹತ್ತಿದ. ಮಸೀದಿಗೆ ಹೋಗದ್ದಕ್ಕೆ ದೇವರಲ್ಲಿ ಕ್ಷಮೆ ಬೇಡಿ ಅಲ್ಲೇ ನಮಾಝ್ ಮುಗಿಸಿ, ಮೂಲೆಯಲ್ಲಿದ್ದ ಲೈಫ್ ಜಾಕೆಟ್‌ಗಳ ರಾಶಿಯೊಳಗೆ ಹುದುಗಿದ. ಬೆಳಕು ಹರಿಯಿತು. ಹಲಗೆ ಕಿರ್ ಎಂದಿತು. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಹೊದ್ದ ಆಕೃತಿಯೊಂದು ಗುಂಡಿಯ ಬಳಿ ಕೂತು, ಆಯಿಲ್ ಹಾಕುವ ಮುಚ್ಚಳವನ್ನು ಪಳಗಿದ ಕೈಯಿಂದ ತಿರುಗಿಸಿತು.

'ಹೆಂಗಸಿನ ವೇಷ ಹಾಕಿ ಬಂದಿದ್ದಾನೆ, ನಾಚಿಕೆಗೆಟ್ಟವ!' ಎಂದುಕೊಂಡ ಮುಸಬ್ಬಹ್ ಒಂದೇ ನೆಗೆತಕ್ಕೆ ಮೀನುಬಲೆಯನ್ನು ಅದರ ಮೇಲೆ ಬೀಸಿದ.

"ಸಿಕ್ಕಿಬಿದ್ದೆಯಲ್ಲೋ ಹುಮೈದ್!"

"ಯಾವ ಹುಮೈದನೋ? ಬಲೆ ತೆಗೆಯೋ ಕತ್ತೆ, ಮುಸುಕು ಹರಿದೀತು!"

ಉಮ್ಮ! ಕೈಯಲ್ಲಿ ನೀರಿನ ಹೂಜಿ.

ಅವನ ಕೋಪವೆಲ್ಲ ಇಳಿದು ಕಣ್ಣು ತುಂಬಿ ಬಂತು. ಪಾಪ, ಮುಗ್ಧೆ! ಎಂಜಿನ್ನಿಗೆ ತಗುಲಿದ ದೃಷ್ಟಿ ತೆಗೆಯಲು ಓದಿದ ನೀರನ್ನು ಅದರ ಹೊಟ್ಟೆಗೇ ಹಾಕುತ್ತಿದ್ದಾಳೆ. ಬಲೆ ಬಿಡಿಸುತ್ತ ಮಗುವಿಗೆ ಹೇಳುವಂತೆ ಹೇಳಿದ:

"ಉಮ್ಮಾ, ನಿನ್ನ ಭಕ್ತಿ ದೊಡ್ಡದು. ಆದರೆ ಓದಿದ ನೀರನ್ನ ದೋಣಿಗೆ ಚಿಮುಕಿಸ್ಬೇಕು, ಎಂಜಿನ್ನಿಗೆ ಕುಡಿಸಬಾರದು. ಇದರಿಂದಲೇ ಆಯಿಲ್ ಕೆಡ್ತಿದ್ದದ್ದು. ಇವತ್ತೂ ಕೆಟ್ಟಿದ್ದರೆ ನಾಳೆ ದೋಣಿ ಹುಮೈದನ ಪಾಲಾಗ್ತಿತ್ತು."

"ಮಾರೋಕೆ ಹೊರಟಿದ್ದೆಯಾ?" ಉಮ್ಮ ಹೂಜಿಯನ್ನು ಧಡಕ್ಕನೆ ಕೆಳಗಿಟ್ಟಳು. ಮುಸುಕು ಸರಿಮಾಡಿಕೊಂಡು, ಸಮುದ್ರದ ಕಡೆಗೆ ಮುಖ ತಿರುಗಿಸಿ ಅಂದಳು:

"ದೇವರ ವಾಕ್ಯ ಓದಿದ ನೀರನ್ನ ಇಂಥ ಕೆಲಸಕ್ಕೆ ಬಳಸೋಕೆ ನನಗೇನು ದೇವರ ಭಯ ಇಲ್ವೇನೋ? ಇದು ಬರೀ ನಲ್ಲಿ ನೀರು. ಆಯಿಲ್ ಕೆಡದೆ ಆ ಉಸ್ತಾದ್ ನಮ್ಮ ಮನೆ ಮುಂದೆ ಸುಳೀತಾರಾ? ಆರು ಸಲ ಕರೆಸಿದೆ, ಬಾಯಿ ಬಿಡಲಿಲ್ಲ. ಇನ್ನು ಮನೆಗೆ ದೊಡ್ಡ ಗಂಡಸು ಅಂತ ಇರೋನು ನೀನೊಬ್ಬ, ಹೋಗಿ ನೀನೇ ಸಂಬಂಧ ಕೇಳು!"