ಅಕ್ಕನ ಗಂಟುಕೂದಲು

೧೪ ಮೇ ೧೯೭೮, ಭಾನುವಾರ, ಸಂಜೆ ಐದು ಗಂಟೆ. ರಾಮದುರ್ಗ.

ಅರಿಷಿಣದ ಪೊಟ್ಟಣ ಬಿಚ್ಚಿದರೆ ಇವತ್ತಿಗೂ ನನಗೆ ಅಕ್ಕನ ತಲೆಯ ವಾಸನೆ ಬರುತ್ತದೆ.

ಏಳು ವರ್ಷದ ಹಿಂದಿನ ಬೇಸಿಗೆ. ಅಕ್ಕನ ಗುಂಗುರು ಕೂದಲು ಗಂಟುಗಟ್ಟಿತ್ತು. ಇದು ಯಲ್ಲಮ್ಮನ ಗುರುತು, ಹುಡುಗಿಯನ್ನು ಸವದತ್ತಿ ಗುಡ್ಡದಲ್ಲಿ ದೇವಿಗೆ ಬಿಡಬೇಕು ಎಂದು ಅಜ್ಜಿ ಹಟ ಹಿಡಿದಿದ್ದಳು. ಬಿಟ್ಟರೆ ಅಕ್ಕನಿಗೆ ಶಾಲೆಯೂ ಇಲ್ಲ, ಮದುವೆಯೂ ಇಲ್ಲ. ಒಂದು ಮಧ್ಯಾಹ್ನ ಪುಣೆಯಿಂದ ಬಂದ ಕಾಕಾ ಗಂಟು ಕತ್ತರಿಸಲು ಕತ್ತರಿ ಹಿಡಿದು ಕುಳಿತ. ಮೊದಲು ಅಜ್ಜಿಗೆ ಪತ್ರಿಕೆಯಲ್ಲಿದ್ದ ಅಮೆರಿಕದ ಕರಿಯ ಹೆಂಗಸಿನ ಪಟ ತೋರಿಸಿದ. ತಲೆತುಂಬ ಗುಂಗುರು ಕೂದಲು.

“ನೋಡಬೇ ಯವ್ವಾ, ಇಂಥಾ ಕೂದಲಾ ಅಸಹ್ಯ ಅಂತ ಬಿಳಿಯರಂದ್ರು, ಇವರೂ ನಂಬಿದ್ರು. ಕಬ್ಬಿಣದ ಹಣಗಿ ಕಾಸಿ, ಬಾಚಿ ನೆಟ್ಟಗ ಮಾಡ್ಕೋತಿದ್ರು. ಈಗ ನೋಡು, ಹೆಂಗ ಎದಿ ಎತ್ತಿ ಬಿಟ್ಕೊಂಡಾರ!”

ಅಜ್ಜಿ ಪಟಕ್ಕೆ ಕೈಮುಗಿದಳು. “ಅಲ್ಲೂ ಬಂದಾಳಲ್ಲೋ ತಾಯಿ! ಇಕಿನ್ನ ಯಾವ ಗುಡ್ಡಕ್ಕ ಬಿಟ್ರೋ?”

ಕಾಕಾ ನಕ್ಕ, ಅಕ್ಕನೂ ನಕ್ಕಳು. ಅಜ್ಜಿ ನಗಲಿಲ್ಲ.

“ಕತ್ತರಿ ಹಚ್ಚಿ ನೋಡು. ನಿನ್ನ ಮಗನ ಕಣ್ಣ ಹೋಗ್ತಾವ.”

ಕಾಕಾ ಕತ್ತರಿ ಕೆಳಗಿಟ್ಟ. ಅಜ್ಜಿ ಅಕ್ಕನ ತಲೆಗೆ ಅರಿಷಿಣ ತಿಕ್ಕಿದಳು. ಹುಣ್ಣಿಮೆಗೆ ಗುಡ್ಡಕ್ಕೆ ಹೋಗಲು ಬಂಡಿ ಹೂಡಿದವನು ಕಾಕಾನೇ.

ಆ ಪಟದ ಹೆಂಗಸಿನ ನಾಡಿನಲ್ಲಿ ಕಾಸಿದ ಹಣಗಿಯನ್ನು ಮೊದಲು ಕೆಳಗಿಟ್ಟವರು ಯಾರು, ಆಗ ಅವರ ಅಜ್ಜಿ ಏನೆಂದಳು, ಬಲ್ಲವರಿದ್ದರೆ ಬರೆದು ತಿಳಿಸಿರಿ.